ಅಂಗಳಕ್ಕೆ ಎಷ್ಟು ಬೆಳಕು ಬೇಕು

ಹಗಲಲ್ಲಿ ಫ್ಯಾನ್ ತಿರುಗಿದರೂ ಕರೆಂಟು ದಂಡ ಎಂದು ಗೊಣಗುವ ಗಂಡ, ಮನೆಯ ಹೊರಗೆ ಆರು ದೀಪ ಹಾಕಿಸೋಣ ಎಂದಾಗಲೇ ಅವಳ ಕಿವಿ ನೆಟ್ಟಗಾಯಿತು. ಗೇಟಿಗೆ ಎರಡು, ವ್ಯಾನ್ ನಿಲ್ಲಿಸುವ ಜಾಗಕ್ಕೆ ಎರಡು, ಮೆಟ್ಟಿಲಿಗೆ ಎರಡು.

"ಕಳ್ಳಕಾಕರ ಕಾಲ ಕಣೇ," ಎಂದ.

"ನಮ್ಮನೇಲಿ ಕದಿಯೋಕೆ ಏನಿದೆ? ನಿಮ್ಮ ಗೊರಕೇನಾ?"

ಅವಳು ಬಟ್ಟೆ ಕಾರ್ಖಾನೆಯ ಚೆಕಿಂಗ್ ವಿಭಾಗದವಳು. ಅಂಗಿಯ ಒಳಮೈ ಹೊರಗೆ ತಿರುವಿ ಹೊಲಿಗೆ ನೋಡದೆ ಒಂದನ್ನೂ ಮುಂದಕ್ಕೆ ಬಿಟ್ಟವಳಲ್ಲ. ಮನೆಯಲ್ಲೂ ಅದೇ ಬುದ್ಧಿ. ಗಂಡ ಶಾಲೆಯ ವ್ಯಾನ್ ಓಡಿಸುತ್ತಿದ್ದ. ಮಕ್ಕಳ ಬಾಯಲ್ಲಿ ವ್ಯಾನ್ ಮಾಮ. ಹಗಲು ಗಿಡ್ಡವಾಗುವ ಈ ತಿಂಗಳುಗಳಲ್ಲಿ, ಆಟ ಮುಗಿಸಿದ ಮಕ್ಕಳನ್ನು ಒಬ್ಬೊಬ್ಬರಾಗಿ ಇಳಿಸುವಷ್ಟರಲ್ಲಿ ಕತ್ತಲಾಗುತ್ತಿತ್ತು. ಕೊನೆಗೆ ಇಳಿಯುವವಳು ಅವನ ತಂಗಿಯ ಮಗಳು.

ಇತ್ತೀಚೆಗೆ ವ್ಯಾನಿನ ಎಡಮಗ್ಗುಲಿಗೆ ಉದ್ದನೆಯ ಗೀರು ಬಿದ್ದಿತ್ತು. ಯಾರೋ ಬೈಕಿನವನು ಉಜ್ಜಿಕೊಂಡು ಹೋದ ಎಂದಿದ್ದ. ಅವಳು ಬೆರಳಾಡಿಸಿ ನೋಡಿದಾಗ ಗೀರಿನಲ್ಲಿ ಸುಣ್ಣ ಸಿಕ್ಕಿತು. ಬೈಕಿಗೆ ಯಾರು ಸುಣ್ಣ ಬಳಿಯುತ್ತಾರೆ? ಸಂಜೆ ಅಂಗಡಿಗೆ ಹೋಗಿಬನ್ನಿ ಎಂದರೆ ಅವನಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಅದೇ ಸೊಂಟ ಬೆಳಿಗ್ಗೆ ವ್ಯಾನ್ ತೊಳೆಯಲು ಸಲೀಸಾಗಿ ಬಗ್ಗುತ್ತಿತ್ತು. ಕತ್ತಲಲ್ಲಿ ಇವರ ಕಣ್ಣು ಕೈಕೊಡುತ್ತಿದೆಯೇ? ಹಾಗಿದ್ದರೆ ಆ ಮಕ್ಕಳ ಗತಿಯೇನು? ಅವಳು ನೇರವಾಗಿ ಕೇಳಿಯೇಬಿಟ್ಟಳು.

"ನನ್ನ ಕಣ್ಣಾ? ಹದ್ದು ಬಂದು ಟ್ಯೂಷನ್ ಹೇಳಿಸ್ಕೊಂಡು ಹೋಗುತ್ತೆ!"

ನಾದಿನಿಯ ಹತ್ತಿರ ಹೇಳಿದರೆ ಅವಳೂ ನಕ್ಕಳು. "ನಿಮಗೆ ಎಲ್ಲದರಲ್ಲೂ ಅನುಮಾನ ಅತ್ತಿಗೆ. ಆ ರಸ್ತೇಲಿ ಅಣ್ಣ ಕಣ್ಮುಚ್ಚಿಕೊಂಡು ಓಡಿಸ್ತಾನೆ."

"ಅದೇ ನನ್ನ ಭಯ ಕಣಮ್ಮ."

ಭಾನುವಾರ ಹೊತ್ತು ಮುಳುಗುವಾಗ ಎಲೆಕ್ಟ್ರಿಷಿಯನ್ ಬಂದ. ಅವನ ಪದ್ಧತಿಯೇ ಹಾಗೆ. ಉದ್ದದ ವೈರಿಗೆ ಒಂದೊಂದೇ ದೀಪ ಸಿಕ್ಕಿಸಿ, ಹಾಕಬೇಕಾದ ಜಾಗದಲ್ಲೇ ಹಿಡಿದು ತೋರಿಸುತ್ತಿದ್ದ. "ಅಂಗಡೀಲಿ ಎಲ್ಲಾ ದೀಪಾನೂ ಚೆನ್ನಾಗೇ ಕಾಣುತ್ತೆ ಅಕ್ಕ. ಮನೆ ಮುಂದೆ ಉರಿಸಿ ನೋಡಿದ್ರೇನೇ ಗೊತ್ತಾಗೋದು."

ಮೊದಲನೆಯದು ಬಿಳಿ ಫ್ಲಡ್ ಲೈಟು. ಅಂಗಳವೆಲ್ಲ ಬೆಳ್ಳಗಾಯಿತು. ಗಂಡ ದಡದಡನೆ ಮೆಟ್ಟಿಲಿಳಿದು ಗೇಟಿನವರೆಗೂ ಹೋಗಿಬಂದ. "ಇದೇ ಇರಲಿ. ಆರೂ ಇದೇ ಹಾಕಪ್ಪ."

"ಎದುರು ಮನೆಯವರು ಬೆಳಗಾಯ್ತು ಅಂತ ಹಲ್ಲುಜ್ಜೋಕೆ ಎದ್ದುಬಿಡ್ತಾರೆ ಅಣ್ಣ! ಇದನ್ನೂ ನೋಡಿ."

ಎರಡನೆಯದು ತಲೆಗೆ ಮುಚ್ಚಳವಿದ್ದ, ಕೆಳಮುಖದ ಹಳದಿ ದೀಪ. ಅಷ್ಟು ಹೊತ್ತಿಗೆ ಪೂರ್ತಿ ಕತ್ತಲಾಗಿತ್ತು. ಬೆಳಕು ಮೆಟ್ಟಿಲ ಮೇಲೆ, ನೆಲದ ಮೇಲೆ ಹದವಾಗಿ ಹರಡಿತು. ಬಾಗಿಲಲ್ಲಿ ನಿಂತಿದ್ದ ಅವಳಿಗೆ ಅದು ಹಿಡಿಸಿತು. ಗಂಡ ಮಾತ್ರ ಈ ಸಲ ಓಡಾಡಲಿಲ್ಲ. ವ್ಯಾನಿಗೆ ಕೈಯೂರಿ ನಿಂತವನು ನಿಂತೇ ಇದ್ದ.

ಅವಳು ಮೆಟ್ಟಿಲಿಳಿದು ಅವನ ಹತ್ತಿರ ಹೋದಳು. ಅವನ ಅಂಗಿಯ ಎರಡನೇ ಗುಂಡಿಯಿಂದ ನೂಲು ಜೋತಿರುವುದೂ ಆ ಬೆಳಕಿನಲ್ಲಿ ಅವಳಿಗೆ ಕಾಣುತ್ತಿತ್ತು.

ಅವನು ಮನೆಯ ಬಾಗಿಲಿನತ್ತ ಮುಖಮಾಡಿ ಗಟ್ಟಿಯಾಗಿ ಕೂಗಿದ: "ಏನೇ, ಒಳಗೇನು ಮಾಡ್ತಿದ್ದೀಯ? ಬಂದು ನೋಡು ಬಾ, ಇದೂ ಪರವಾಗಿಲ್ಲ!"

ಎಲೆಕ್ಟ್ರಿಷಿಯನ್ ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಹಿಡಿದ ದೀಪವನ್ನು ಇಳಿಸುವುದೋ ಬೇಡವೋ ತಿಳಿಯದೆ ಹಾಗೇ ನಿಂತ.

"ಕೂಗಬೇಡಿ," ಎಂದಳು ಅವಳು. "ಎದುರಿಗೇ ನಿಂತಿದ್ದೀನಿ."

ಅವನ ಕೈ ವ್ಯಾನಿನಿಂದ ಜಾರಿತು.

"ಹಗಲಲ್ಲಿ ಏನೂ ತೊಂದರೆ ಇಲ್ಲ ಕಣೇ. ರಾತ್ರಿಗೆ ಹೆಡ್‌ಲೈಟ್ ಇರುತ್ತೆ, ಬೀದಿ ದೀಪ ಇರುತ್ತೆ. ರಸ್ತೆ ಬಾಯಿಪಾಠ ಆಗಿದೆ ನನಗೆ."

"ರಸ್ತೆ ಬಾಯಿಪಾಠ, ಸರಿ. ಅಡ್ಡ ಓಡಿ ಬರೋ ಮಗು?"

ಅವನು ತಲೆ ತಗ್ಗಿಸಿದ. "ಹೇಳಿದ್ರೆ ಕೆಲಸದಿಂದ ತೆಗೀತಾರೆ."

"ತೆಗೀಲಿ. ಡಾಕ್ಟರು ನೋಡಿ ಪರವಾಗಿಲ್ಲ ಅಂದ್ರೆ ಬೆಳಗಿನ ಟ್ರಿಪ್ ಕೇಳೋಣ. ಅಲ್ಲೀವರೆಗೂ ಇದು ನನ್ನ ಹತ್ತಿರ." ಅವನ ಜೇಬಿಗೆ ಕೈಹಾಕಿ ವ್ಯಾನಿನ ಕೀ ತೆಗೆದುಕೊಂಡಳು. "ಈಗಲೇ ಶಾಲೆಗೆ ಫೋನ್ ಮಾಡಿ."

ಅವನು ಫೋನ್ ಕಿವಿಗಿಟ್ಟುಕೊಂಡು ಕಾಂಪೌಂಡಿನ ಮೂಲೆಗೆ ಸರಿದ. "ನಮಸ್ಕಾರ ಮೇಡಂ... ನಾಳೆಯಿಂದ ಬೇರೆ ಡ್ರೈವರ್ ನೋಡ್ಕೋಬೇಕು ಮೇಡಂ... ಹೂಂ, ಕಣ್ಣಿಂದು... ಆಯ್ತು ಮೇಡಂ."

ಅವನು ಮೂಲೆ ತಲುಪುವಷ್ಟರಲ್ಲೇ ಮೇಡಂ ಸಿಕ್ಕಿಬಿಟ್ಟರು, ಒಂದು ಪ್ರಶ್ನೆಯನ್ನೂ ಕೇಳದೆ ಒಪ್ಪಿಬಿಟ್ಟರು. ಅವಳು ಹೋಗಿ ಪಕ್ಕದಲ್ಲಿ ನಿಂತಳು.

"ಸ್ಪೀಕರ್ ಹಾಕಿ."

ಅವನು ಫೋನನ್ನು ಕಿವಿಯಿಂದ ಇಳಿಸಿದ. ಪರದೆ ಕಪ್ಪಗಿತ್ತು. ಹೆಂಡತಿಯ ಮುಖ ಎಲ್ಲಿರಬಹುದೆಂದು ಅಂದಾಜು ಮಾಡಿ ಅತ್ತ ಒಮ್ಮೆ ನೋಡಿದ. ಆಮೇಲೆ ನಂಬರ್ ಹುಡುಕಿ ಒತ್ತಿದ. ರಿಂಗಾಗುವ ಸದ್ದು ಈ ಸಲ ಎಲೆಕ್ಟ್ರಿಷಿಯನ್‌ಗೂ ಕೇಳಿಸಿತು.