ಮೊದಲೇ ಬಿದ್ದ ಹುಳಿ

ಬಚ್ಚಲಲ್ಲಿ ಜಾರಿ ಮುರಿದುಕೊಂಡ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಎದುರಿಗೆ ಗಂಡ ಅಲಸಂದೆ ಕಾಳು ತೂಗುತ್ತಿದ್ದರು. ಹೌದು, ತೂಗುತ್ತಿದ್ದರು. ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದು ಜೀವಮಾನವಿಡೀ ಅಂಗಡಿಯವರ ತಕ್ಕಡಿ ಹಿಡಿದು ಜಗ್ಗಿದ ಮಹಾನುಭಾವರು. ಕೆಲಸದಿಂದ ನಿವೃತ್ತರಾದರೂ ಚಾಳಿಯಿಂದ ಆಗಿರಲಿಲ್ಲ. ಉಪ್ಪನ್ನೂ ತೂಗಿದರು. ಒಂದು ಹರಳು ಹೆಚ್ಚಾಯಿತೆಂದು ತೆಗೆದು ವಾಪಸ್ಸು ಡಬ್ಬಿಗೆ ಹಾಕಿದರು.

ಇಷ್ಟು ದಿನ ಅವಳ ತಂಗಿ ಬಂದು ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಇವತ್ತು ತಂಗಿಗೆ ಜ್ವರ.

"ಒಂದು ಸಾರು ಮಾಡೋಕೆ ನೀವು ಹೆಂಗಸರು ಎಷ್ಟು ರಗಳೆ ಮಾಡ್ತೀರಪ್ಪ," ಎಂದರು. "ಎಲ್ಲಾ ಅಂದಾಜು. ಅಳತೆ ಇಲ್ಲ, ಗಿಳತೆ ಇಲ್ಲ."

ಮದುವೆಯಾದಾಗಿನಿಂದ ಇದೇ ರಾಗ. ಊಟಕ್ಕೆ ಕೂತರೆ ಕಣ್ಣು ಪೇಪರಿನ ಮೇಲೆ, ಬಾಯಲ್ಲಿ ಒಂದೇ ಮಾತು, "ಪರವಾಗಿಲ್ಲ." ಪರವಾಗಿಲ್ಲವಂತೆ! ಹೊಸದರಲ್ಲಿ ಅವಳು ಒಂದು "ಚೆನ್ನಾಗಿದೆ"ಗಾಗಿ ಬಾಗಿಲಿಗೊರಗಿ ಕಾದದ್ದುಂಟು. ಆಮೇಲೆ ಕಾಯುವುದನ್ನು ಬಿಟ್ಟು ತಾತ್ಸಾರ ಕಲಿತಳು. ತಾತ್ಸಾರವನ್ನು ಕೂತುಕೊಂಡೂ ಮಾಡಬಹುದು.

ಕುಕ್ಕರ್ ಬೇಡವೆಂದರು. "ಸೀಟಿ ಅನ್ನೋದೂ ಒಂದು ಅಳತೆನಾ? ಪಾತ್ರೆಲಿ ನಲವತ್ತು ನಿಮಿಷ, ಗಡಿಯಾರ ನೋಡಿ. ಮುಗೀತು." ಕಾಳು, ನೀರು, ಖಾರದ ಪುಡಿ ಎಲ್ಲವನ್ನೂ ಒಟ್ಟಿಗೇ ಸುರಿದು, ಹುಣಸೆರಸದ ಬಟ್ಟಲನ್ನೂ ಕೈಗೆತ್ತಿಕೊಂಡರು.

ಅವಳ ನಾಲಿಗೆ ತುದಿಗೆ ಮಾತು ಬಂತು. ಹುಳಿ ಹಾಕುವುದು ಕಾಳು ಬೆಂದ ಮೇಲೆ. ಮೊದಲೇ ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಆದರೆ ಅವಳು ಮಾತು ನುಂಗಿಕೊಂಡಳು. ಮಾಡಲಿ. ಗಟ್ಟಿ ಕಾಳನ್ನು ಕಟಕಟ ಅಗಿಯಲಿ. ಆಗಲಾದರೂ ಆ ಬಾಯಿಂದ "ನಿನ್ನ ಹಾಗೆ ಆಗಲಿಲ್ಲ ಕಣೇ" ಎಂಬ ಒಂದು ಮಾತು ಉದುರಬಹುದು. ಅವಳಿಗೆ ಬೇಕಾದದ್ದು ಅಷ್ಟೇ.

ನಡುವೆ ಮಗಳ ಫೋನು. "ಅಪ್ಪ ಅಡುಗೆ ಮಾಡ್ತಿದಾರಾ? ಅಯ್ಯೋ ಅಮ್ಮಾ, ನೀನು ಪುಣ್ಯ ಮಾಡಿದ್ದೆ!"

"ಹೌದಮ್ಮ, ಅದಕ್ಕೇ ಕೈ ಮುರೀತು," ಎಂದಳು. ಮಗಳಿಗೆ ಅದೂ ತಲೆಗೆ ಹೋಗಲಿಲ್ಲ. ಅಪ್ಪನ ಮಗಳೇ ಸರಿ.

ನಲವತ್ತನೇ ನಿಮಿಷಕ್ಕೆ ಒಲೆ ಆರಿತು. ಒಂದು ಕಾಳನ್ನು ಹಿಸುಕಿ ನೋಡುವ ಗೋಜಿಗೂ ಅವರು ಹೋಗಲಿಲ್ಲ. ಗಡಿಯಾರ ಹೇಳಿದ ಮೇಲೆ ಕಾಳಿನದೇನು ಮಾತು! ಇಬ್ಬರಿಗೂ ಬಡಿಸಿದರು. ಅವಳು ಎಡಗೈಯಲ್ಲಿ ಚಮಚ ಹಿಡಿದು ಒಂದು ತುತ್ತು ಬಾಯಿಗಿಟ್ಟಳು. ಕಾಳು ಹಲ್ಲಿಗೆ ಸಿಕ್ಕಿ ಜಾರಿತು. ಸಾರು ಬರೀ ಹುಳಿ ನೀರು. ಒಗ್ಗರಣೆಯಂತೂ ನೆನಪೇ ಆಗಿರಲಿಲ್ಲ. ಅವಳು ಊಟ ಬಿಟ್ಟು ಅವರ ಮುಖವನ್ನೇ ನೋಡುತ್ತ ಕೂತಳು. ಈ ವಯಸ್ಸಿನಲ್ಲಿ ನಾಚಿಕೆಗೇಡು, ಆದರೂ ಹೊಸದರಲ್ಲಿ ಕಾದ ಹಾಗೇ ಕಾದಳು.

ಅವರು ಕಲಸಿದರು, ತಿಂದರು. ಕಟಕಟ ಸದ್ದು ಅವಳವರೆಗೂ ಕೇಳಿಸಿತು. ಪೇಪರಿನ ಹಾಳೆ ತಿರುವಿದರು. ಇನ್ನೊಂದು ಸೌಟು ಬಡಿಸಿಕೊಂಡರು.

"ಹೇಗಿದೆ?" ತಡೆಯಲಾರದೆ ಕೇಳಿದಳು.

"ಹೇಗಿದೆ ಅಂದ್ರೆ?" ಅವರು ತಲೆ ಎತ್ತಲಿಲ್ಲ. "ಥೇಟ್ ನಿಂದೇ. ದಿನಾ ತಿನ್ನೋ ಸಾರು ತಾನೆ?"

ಅದರಲ್ಲಿ ಅಣಕವಿರಲಿಲ್ಲ, ಜಂಬವೂ ಇರಲಿಲ್ಲ. ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು. ಇಷ್ಟು ವರ್ಷ ಬಾಯಿಗೆ ಬಿದ್ದದ್ದು ಏನೆಂದೇ ಈ ಮನುಷ್ಯನಿಗೆ ಗೊತ್ತಾಗಿರಲಿಲ್ಲ. ಇಂಥ ನಾಲಿಗೆಗಾಗಿ ಅವಳು ಎಷ್ಟು ಸಾವಿರ ಸಲ ಕಾಳು ಹಿಸುಕಿ ನೋಡಿದ್ದಳು! ಅವಳಿಗೆ ಅಳು ಬಂತು. ಅದರ ಬೆನ್ನಿಗೇ ಅಸಹ್ಯವಾಯಿತು.

"ಒಳ್ಳೇದೇ ಆಯ್ತು ಬಿಡಿ," ಎಂದು ತಟ್ಟೆಯನ್ನು ಅವರ ಕಡೆ ತಳ್ಳಿದಳು. "ಶುಕ್ರವಾರ ಪ್ಲಾಸ್ಟರ್ ಬಿಚ್ತಾರೆ. ಆಮೇಲೂ ನಿಮ್ಮದು ನೀವೇ ಮಾಡ್ಕೊಳ್ಳಿ. ವ್ಯತ್ಯಾಸ ಏನೂ ಗೊತ್ತಾಗಲ್ಲ."

"ಮತ್ತೆ ನಿಂದು?"

"ನಂದು ನಾನು ಮಾಡ್ಕೋತೀನಿ. ನಂಗೆ ಗೊತ್ತಾಗುತ್ತೆ."

ಅವರು ಆಗ ಪೇಪರಿನಿಂದ ತಲೆ ಎತ್ತಿದರು.