ಮುಚ್ಚಳ ಒಂದು ಕಡೆ, ಸೂಜಿ ಇನ್ನೊಂದು ಕಡೆ

ಆ ಪೆನ್ನಿನ ಮುಚ್ಚಳ ಒಂದು ತುದಿಗಿತ್ತು, ಸೂಜಿ ಇನ್ನೊಂದು ತುದಿಗೆ. ಅದನ್ನು ರೂಪಿಸಿದ ಪುಣ್ಯಾತ್ಮ ಜನ್ಮದಲ್ಲಿ ಒಂದು ಬಾಟಲಿಯ ಮುಚ್ಚಳವನ್ನಾದರೂ ತೆಗೆದಿದ್ದನೋ ಇಲ್ಲವೋ! ಅಲರ್ಜಿಯಿಂದ ಉಸಿರು ಕಟ್ಟಿದವರ ತೊಡೆಗೆ ತಕ್ಷಣ ಒತ್ತಬೇಕಾದ ಇಂಜೆಕ್ಷನ್ ಪೆನ್ನು ಅದು. ಮಾರಾಟಕ್ಕೆ ಬಿಡುವ ಮೊದಲು ಅದನ್ನು ಜನರ ಕೈಗೆ ಕೊಟ್ಟು ನೋಡುವುದು ಕಂಪನಿಯಲ್ಲಿ ಸೊಸೆಯ ಕೆಲಸ. ಸೂಜಿಯ ಜಾಗ ಬದಲಾಗಲೇಬೇಕೆಂದು ಅವಳು ಹಟ ಹಿಡಿದಿದ್ದಳು. ಅವಳ ಮಗಳಿಗೇ ಕಡಲೆಬೀಜ ತಿಂದರೆ ಗಂಟಲು ಊದಿಕೊಳ್ಳುತ್ತಿತ್ತು, ಹಗಲೆಲ್ಲ ಮಗುವಿನ ಜೊತೆ ಇರುತ್ತಿದ್ದವರು ಅತ್ತೆ ಒಬ್ಬರೇ.

ಅದಕ್ಕೇ ಅತ್ತೆಯನ್ನೇ ಪರೀಕ್ಷೆಯ ಕೋಣೆಗೆ ಕರೆತಂದಳು. "ಪರೀಕ್ಷೆ ನಿಮಗಲ್ಲ ಅತ್ತೆ, ಪೆನ್ನಿಗೆ," ಎಂದು ಹೇಳಿ ಗಾಜಿನ ಗೋಡೆಯ ಆಚೆ ನಿಂತಳು.

ಅತ್ತೆ ಮುಚ್ಚಳ ಕಿತ್ತರು. ಮುಚ್ಚಳವಿದ್ದ ತುದಿಯನ್ನು ರಬ್ಬರಿನ ತೊಡೆಗೆ ಒತ್ತಿ, ಇನ್ನೊಂದು ತುದಿಗೆ ಹೆಬ್ಬೆರಳು ಕೊಟ್ಟು ಅದುಮಿದರು. ಸೂಜಿಯ ಬದಲು ಇಟ್ಟಿದ್ದ ಕೆಂಪು ಮಸಿ ಬೆರಳಿಗೇ ಹತ್ತಿತು. ಸೊಸೆಗೆ ಪಾಪ ಅನ್ನಿಸಿತು, ಖುಷಿಯೂ ಆಯಿತು. ಇನ್ನೇನು ಸಾಕ್ಷಿ ಬೇಕು?

"ಹೇಗಿತ್ತಮ್ಮಾ ಪೆನ್ನು?" ಎಂದು ಮ್ಯಾನೇಜರು ಕೇಳಿದರು.

ಅತ್ತೆ ಗಾಜಿನ ಕಡೆ ಒಮ್ಮೆ ನೋಡಿದರು. ನಾಲ್ಕು ಜನರ ಮುಂದೆ ಸೊಸೆಯ ಕೆಲಸಕ್ಕೆ ಕಲ್ಲು ಹಾಕುವುದುಂಟೇ?

"ತುಂಬಾ ಚೆನ್ನಾಗಿದೆಯಪ್ಪ. ತಪ್ಪು ನಂದೇ. ವಯಸ್ಸಾಯ್ತು ನೋಡಿ."

ಹಾಳು ದಾಕ್ಷಿಣ್ಯ!

ಸೊಸೆ ಓಡಿ ಬಂದು, "ಸಾರ್, ಬೆರಳು ನೋಡಿ!" ಎಂದು ಬಾಯಿ ಬಡಿದುಕೊಂಡಳು.

"ಅವರೇ ಚೆನ್ನಾಗಿದೆ ಅಂತಿದ್ದಾರೆ. ನಿಮ್ಮದೇನ್ರೀ ತಕರಾರು?" ಎಂದು ಮ್ಯಾನೇಜರು ಎದ್ದು ಹೋದರು. ಸೂಜಿ ಇದ್ದಲ್ಲೇ ಉಳಿಯಿತು.

ಕೆಲವು ತಿಂಗಳ ಮೇಲೆ ಡಾಕ್ಟರು ಮಗುವಿಗೆ ಬರೆದುಕೊಟ್ಟಿದ್ದೂ ಅದೇ ಪೆನ್ನು. ಸೊಸೆ ಸೂಜಿಯಿಲ್ಲದ ಮಾದರಿ ತಂದು ಅತ್ತೆಗೆ ಕಲಿಸಿದಳು. ನಿಧಾನವಾಗಿ ಮಾಡಿದರೆ ಸರಿಹೋಗುತ್ತಿತ್ತು. "ಬೇಗ, ಬೇಗ!" ಎಂದು ಕೂಗಿದರೆ ಹೆಬ್ಬೆರಳು ಸೀದಾ ಸೂಜಿ ಇರುವ ಕಡೆಗೇ ಹೋಗುತ್ತಿತ್ತು. ಒಂದು ಸಲ ಸೊಸೆಯದ್ದೂ ಹೋಯಿತು. ಅವಳು ಮಾರನೆಯ ದಿನವೇ ನರ್ಸ್ ಇರುವ ಶಿಶುವಿಹಾರಕ್ಕೆ ಮಗುವನ್ನು ಸೇರಿಸಿ ಬಂದಳು.

"ಬೆಳಗಿಂದ ಸಂಜೆವರೆಗೂನಾ?" ಅತ್ತೆ ಕೇಳಿದರು. "ನಾನು ಬದುಕಿದ್ದೀನಲ್ಲೇ ಮನೇಲಿ! ಮೊಮ್ಮಗು ಇಲ್ದೆ ಏನ್ಮಾಡ್ಲಿ ನಾನು?"

"ಅವಸರದ ಹೊತ್ತಲ್ಲಿ ಆ ಪೆನ್ನು ಒತ್ತೋದು ನಿಮ್ಮ ಕೈಯಲ್ಲಿ ಆಗಲ್ಲ ಅತ್ತೆ."

"ಆ ಪೆನ್ನನ್ನ ಚೆನ್ನಾಗಿದೆ ಅಂತ ಹೇಳ್ದೋಳೇ ನಾನು! ಎಲ್ಲರ ಮುಂದೆ ನಿನ್ನ ಮರ್ಯಾದೆ ಉಳಿಸಿದ್ದಕ್ಕೆ ಇದಾ ನೀನು ಕೊಡೋದು?"

ಸೊಸೆ ಬಾಯಿ ಬಿಗಿಹಿಡಿಯಬೇಕೆಂದಿದ್ದಳು, ಆಗಲಿಲ್ಲ.

"ನೀವು ಚೆನ್ನಾಗಿದೆ ಅಂದ್ರಿ ಅತ್ತೆ," ಎಂದಳು, "ಕಂಪನಿಯವರು ಅದನ್ನ ಹಾಗೇ ಮಾಡಿ ಕಳಿಸಿದ್ರು."