ಮುಚ್ಚಿಟ್ಟ ಕಂಪ್ಯೂಟರ್

ಆ ದ್ವೀಪದ ಶಾಲೆಗೆ ಕಂಪ್ಯೂಟರ್ ಬಂದೇ ಇರಲಿಲ್ಲ ಎನ್ನುವಂತಿಲ್ಲ. ಹಿಂದೆ ಯಾರೋ ದಾನಿಗಳು ತಂದುಕೊಟ್ಟು, ಫೋಟೊ ತೆಗೆಸಿಕೊಂಡು, ಬಂದ ದೋಣಿಯಲ್ಲೇ ವಾಪಸಾಗಿದ್ದರು. ಮಕ್ಕಳು ಮುಟ್ಟಿ ಕೆಡಿಸಿಯಾರು ಎಂದು ಊರಿನವರು ಅವನ್ನು ಟಾರ್ಪಾಲಿನಲ್ಲಿ ಬಿಗಿದು ಕೋಣೆಗೆ ಬೀಗ ಜಡಿದರು. ಮಳೆಗಾಲ ಕಳೆದು ಬಿಚ್ಚಿ ನೋಡಿದರೆ ಒಳಗೆಲ್ಲ ತುಕ್ಕು. ಒಂದೂ ಚಾಲೂ ಆಗಲಿಲ್ಲ.

ಈ ಸಲ ಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಕ್ಕ ಒಬ್ಬಳು ತನ್ನ ಅಂಗಡಿಗೆ ಒಂದು ವಾರ ಬೀಗ ಹಾಕಿ, ತಾನೇ ರಿಪೇರಿ ಮಾಡಿದ ಆರು ಯಂತ್ರಗಳೊಂದಿಗೆ ಬಂದಿಳಿದಳು. ದೋಣಿಯವನು ಮುಖ ಗಂಟಿಕ್ಕಿಕೊಂಡೇ ಪೆಟ್ಟಿಗೆ ಹೊತ್ತ. ಅವನಿಗೆ ಅವನದೇ ಸಂಕಟ. ಕಂಪ್ಯೂಟರ್ ಕಲಿಯಲಿ ಎಂದು ಹನ್ನೊಂದು ವರ್ಷದ ಮಗಳನ್ನು ಪಟ್ಟಣದಲ್ಲಿರುವ ತಂಗಿಯ ಮನೆಗೆ ಕಳಿಸಲು ನಿಶ್ಚಯಿಸಿದ್ದ. ಅವನ ಹೆಂಡತಿ ಊರಿನವರ ಬಟ್ಟೆ ಹೊಲಿಯುವ ದರ್ಜಿ. ಆ ಮಾತು ಬಂದಂದಿನಿಂದ ಗಂಡನೊಡನೆ ನೆಟ್ಟಗೆ ಮಾತಾಡಿರಲಿಲ್ಲ.

“ಬಂದ ಪುಟ್ಟ, ಹೋದ ಪುಟ್ಟ,” ಎಂದು ಗೊಣಗಿದ ದೋಣಿಯವನು. “ನೀವು ಹೋದ್ಮೇಲೆ ಇವನ್ನ ನೋಡ್ಕೊಳ್ಳೋರು ಯಾರಮ್ಮ?”

“ನೀವೇ ಅಣ್ಣ.”

“ನಾನಾ? ಸರಿಹೋಯ್ತು! ಸುಮ್ನೆ ಬೀಗ ಹಾಕಿಡಿ, ಜೋಪಾನವಾಗಿರುತ್ತೆ.”

“ಮಳೆಗಾಲದಲ್ಲಿ ದೋಣಿ ನಿಂತಿರುತ್ತಲ್ಲ, ಆಗ ಇಂಜಿನ್ನಿಗೆ ಏನ್ಮಾಡ್ತೀರಿ?”

“ದಿನಾ ಸ್ವಲ್ಪ ಹೊತ್ತು ಓಡಿಸ್ತೀನಿ. ಇಲ್ದಿದ್ರೆ ಉಪ್ಪುಗಾಳಿಗೆ ಹಿಡ್ಕೊಂಡ್ಬಿಡುತ್ತೆ.”

“ಇದೂ ಅಷ್ಟೇ. ದಿನಾ ಓಡಿದ್ರೆ ಒಳಗೆ ಬೆಚ್ಚಗಿರುತ್ತೆ, ತೇವ ಕೂರಲ್ಲ. ಟಾರ್ಪಾಲ್ ಸುತ್ತಿದ್ರೆ ತೇವ ಒಳಗೇ ಉಳಿಯುತ್ತೆ. ಆ ಹಳೇವು ಮಕ್ಕಳು ಮುಟ್ಟಿ ಕೆಟ್ಟಿದ್ದಲ್ಲ ಅಣ್ಣ, ಮುಟ್ಟದೇ ಕೆಟ್ಟಿದ್ದು.”

ದೋಣಿಯವನು ಒಪ್ಪಿದ ಎಂದುಕೊಳ್ಳಬೇಡಿ. ಮುಂದಿನ ಪೆಟ್ಟಿಗೆ ಹೊತ್ತು ನಡೆದ, ಅಷ್ಟೇ.

ಅಕ್ಕ ಒಂದು ಕಂಪ್ಯೂಟರನ್ನು ತಾನು ಜೋಡಿಸಿ ತೋರಿಸಿದಳು. ಮಿಕ್ಕವನ್ನು ಜೋಡಿಸುವ ಕೆಲಸ ಊರಿನವರ ಕೈಯಿಂದಲೇ ಮಾಡಿಸಿದಳು. ಗಾಳಿ ನೇರ ಬಡಿಯದಂತೆ ಮೇಜುಗಳನ್ನು ಕಿಟಕಿಯಿಂದ ದೂರ ಎಳೆಸಿದಳು. ಸ್ಕ್ರೂಡ್ರೈವರ್ ಯಾರು ಹಿಡೀತೀರಿ ಎಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ದರ್ಜಿ ಎದ್ದು ಬಂದಳು.

“ಕೊಡಿ ಇಲ್ಲಿ. ನನ್ನ ಹೊಲಿಗೆ ಮಿಷನ್ ಬಿಚ್ಚಿ ಜೋಡಿಸೋಳೂ ನಾನೇ.”

ವಾರ ಮುಗಿದು ಅಕ್ಕ ಹೊರಟುಹೋದಳು. ಕೆಲವೇ ದಿನಗಳಲ್ಲಿ ಒಂದು ಕಂಪ್ಯೂಟರ್ ಕೀಂ ಕೀಂ ಎಂದು ಕೂಗಿತು, ಪರದೆ ಕಪ್ಪಾಯಿತು.

“ನಾನು ಹೇಳಿರ್ಲಿಲ್ವಾ?” ಎಂದ ದೋಣಿಯವನು. ಮಗಳ ಮುಖ ಬಾಡಿದ್ದು ಕಂಡು, ಯಾಕಾದರೂ ಅಂದೆನೋ ಎಂದು ಅವನಿಗೇ ಬೇಸರವಾಯಿತು.

ದರ್ಜಿ ಕರೆಂಟ್ ತೆಗೆದು, ಮುಚ್ಚಳ ಬಿಚ್ಚಿ, ಅಕ್ಕ ಗೋಡೆಯ ಮೇಲೆ ಬರೆದುಹೋಗಿದ್ದ ನಂಬರಿಗೆ ಫೋನ್ ಮಾಡಿದಳು.

“ಅಲ್ಲೊಂದು ಉದ್ದನೆ ಪಟ್ಟಿ ಇದೆಯಲ್ಲ, ಅದೇ ಮೆಮೊರಿ. ಅಂಚಿಗೆ ಕೊಳೆ ಕೂತಿರ್ಬೇಕು. ಅದನ್ನ ಮೆಲ್ಲಗೆ ಕಿತ್ತು ಹೊಂಬಣ್ಣದ ಅಂಚಿಗೆ ಪೆನ್ಸಿಲ್ ಅಳಿಸೋ ರಬ್ಬರ್ ಉಜ್ಜಿ,” ಎಂದಳು ಅಕ್ಕ.

ಮಗಳು ತನ್ನ ರಬ್ಬರ್ ಕೊಟ್ಟಳು. ತಾಯಿ ಉಜ್ಜಿ, ಪಟ್ಟಿಯನ್ನು ಒತ್ತಿ ಕೂರಿಸಿ, ಕರೆಂಟ್ ಕೊಟ್ಟು ಗುಂಡಿ ಅದುಮಿದಳು. ಪರದೆ ಬೆಳಗಿತು.

“ಇಷ್ಟೇನಾ?” ಎಂದ ದೋಣಿಯವನು.

“ಇಷ್ಟೇ. ಇದನ್ನ ಕಲಿಯೋಕೆ ಮಗು ಅತ್ತೆ ಮನೆಗೆ ಹೋಗ್ಬೇಕಾ?”

ಅವನು ಹೊರಗೆ ಹೋಗಿ ತಂಗಿಗೆ ಫೋನ್ ಮಾಡಿದ. ಒಳಗಿದ್ದವರಿಗೆಲ್ಲ ಕೇಳುವಂತೆ ಅವನ ದನಿ: “ಇಲ್ಲ ಕಣಮ್ಮ, ಮಗು ಬರೋದಿಲ್ಲ. ಇಲ್ಲೇ ಕಲೀತಾಳೆ. ಅವಳಮ್ಮನೇ ರಿಪೇರಿ ಮಾಡ್ತಾಳೆ!” ದರ್ಜಿ ಮಗಳನ್ನು ಅಪ್ಪಿಕೊಂಡು ಅತ್ತುಬಿಟ್ಟಳು.

ನಿಮಗೆ ಕಂಪ್ಯೂಟರ್ ಕೆಲಸ ಬರುತ್ತದೆಯೇ? ಹಾಗಿದ್ದರೆ ದೂರದ ಒಂದು ಶಾಲೆಗೆ ಒಂದು ವಾರ ಕೊಡಿ. ಯಂತ್ರ ಇಳಿಸಿ ಬಂದರೆ ಸಾಲದು. ಕೆಟ್ಟರೆ ಬಿಚ್ಚಬಲ್ಲ ಒಬ್ಬಿಬ್ಬರನ್ನು ತಯಾರು ಮಾಡಿ, ನಿಮ್ಮ ಫೋನ್ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದು ಬನ್ನಿ. ಅವರು ಕರೆದಾಗ ಫೋನ್ ಎತ್ತಿ. ನಿಮ್ಮ ಆ ಒಂದು ವಾರದಿಂದ ಯಾವುದೋ ಮಗು ತನ್ನ ಅಮ್ಮನ ಪಕ್ಕದಲ್ಲೇ ಮಲಗಿ ಎದ್ದು ಶಾಲೆಗೆ ಹೋಗುತ್ತದೆ.